ಡಿಸೆಂಬರ್ ನೋಡಿ ಹೋಟೆಲ್ ಹಾಕ್ಬೇಡಿ, ಜೂನ್ ನೋಡಿ ಹಾಕಿ

ಪ್ರಶ್ನೆ: ನಮ್ದು ಕಾಸರಗೋಡು ಜಿಲ್ಲೆಯ ಉದುಮದ ಹತ್ರ. ಗಂಡ 19 ವರ್ಷ ಶಾರ್ಜಾದಲ್ಲಿದ್ದು ಈಗ ಊರಿಗೆ ಬಂದಿದ್ದಾರೆ, ಕೈಯಲ್ಲಿ ಸುಮಾರು 45 ಲಕ್ಷ ಉಂಟು. ಮಾವನ ಕಾಲದ ಹಂಚಿನ ಮನೆ, 32 ಸೆಂಟ್ಸ್ ಜಾಗ, ಬೇಕಲ ಕೋಟೆಗೆ ಹೋಗುವ ರಸ್ತೆ ಬದಿಯಲ್ಲೇ, ಹಿಂದೆ ಸ್ವಲ್ಪ ನಡೆದ್ರೆ ಕಡಲು. ಮುಂದಿನ ಕೋಣೆಯಲ್ಲಿ 14 ವರ್ಷದಿಂದ ಒಬ್ಬರು ಅಕ್ಕ ಮೀನೂಟದ ಹೋಟೆಲ್ ನಡೆಸ್ತಿದ್ದಾರೆ, ದಿನಕ್ಕೆ 40-50 ಊಟ ಹೋಗ್ತದೆ, ಬಾಡಿಗೆ 4,500. ಈಗ ಒಂದು ಕಾಫಿ ಚೈನಿನವರು ಪೂರ್ತಿ ಮನೆಯನ್ನು 9 ವರ್ಷಕ್ಕೆ ಲೀಸ್ ಕೇಳ್ತಿದ್ದಾರೆ, ತಿಂಗಳಿಗೆ 60,000. ಮೈದುನ ಹೇಳುದು ಲೀಸ್ ಬೇಡ, 25 ಲಕ್ಷ ಲೋನ್ ಸೇರಿಸಿ ನಾವೇ 40 ಸೀಟಿನ ಫೈನ್ ಡೈನಿಂಗ್ ಹಾಕುವ, ಪಕ್ಕದಲ್ಲಿ ಒಂದು ಬಟ್ಟೆ ಬುಟಿಕ್ ಮಾಡುವ, ಹೈವೇ ಆಯ್ತು, ಬೇಕಲ ಇನ್ನು ಗೋವಾದ ಹಾಗೆ ಆಗ್ತದೆ ಅಂತ. ಎರಡರಲ್ಲೂ ಅಕ್ಕನನ್ನು ಎಬ್ಬಿಸ್ಬೇಕು. ಎಂತ ಮಾಡುದು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಕೊನೆಗೆ ಬರೆದ ಆ ಅಕ್ಕನ ವಿಷಯ ಉಂಟಲ್ಲ, ನಾನು ಅಲ್ಲಿಂದಲೇ ಶುರು ಮಾಡ್ತೇನೆ, ಯಾಕಂದ್ರೆ ನಿಮ್ಮ ಜಾಗದಲ್ಲಿ ಇರುವ ದೊಡ್ಡ ಆಸ್ತಿ ಅದೇ, ಹಂಚಿನ ಮನೆಯೂ ಅಲ್ಲ ಕಡಲೂ ಅಲ್ಲ. ಆದ್ರೆ ಅದು ಹೇಗೆ ಅಂತ ಹೇಳ್ಬೇಕಾದ್ರೆ ಮೊದಲು ಸ್ವಲ್ಪ ಲೆಕ್ಕ ಮಾಡ್ಬೇಕು.

ಹೋಟೆಲ್, ಅಂಗಡಿಗಳ ಪ್ರಾಜೆಕ್ಟ್ ನೋಡ್ತಾ ನನಗೆ ಇಪ್ಪತ್ತು ವರ್ಷದ ಮೇಲಾಯ್ತು, ಮಂಗಳೂರಿಂದ ಪಯ್ಯನ್ನೂರುವರೆಗೆ. ಕರಾವಳಿಯಲ್ಲಿ ಹಣ ಹಾಕುವವರು ಮಾಡುವ ಒಂದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ, ಅದು ಡಿಸೆಂಬರಿನಲ್ಲಿ ಜಾಗ ನೋಡ್ಲಿಕ್ಕೆ ಬರುದು. ಆಗ ಬೀಚ್ ಫೆಸ್ಟಿವಲ್, ಕೋಟೆ ಎದುರು ಕಾರಿನ ಸಾಲು, ಐಸ್‌ಕ್ರೀಂ ಅಂಗಡಿಯಲ್ಲಿ ನಿಲ್ಲಲಿಕ್ಕೆ ಜಾಗ ಇಲ್ಲ, ಎಲ್ಲಿ ನೋಡಿದ್ರೂ ಬೆಂಗಳೂರು ರಿಜಿಸ್ಟ್ರೇಷನ್. ಅದನ್ನು ನೋಡಿದ ಯಾರಿಗಾದ್ರೂ ಇಲ್ಲಿ ಎಂತ ಹಾಕಿದ್ರೂ ಓಡ್ತದೆ ಅಂತ ಅನಿಸ್ತದೆ. ಅದೇ ಜಾಗಕ್ಕೆ ಜೂನ್ 20ಕ್ಕೆ ಬನ್ನಿ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗ್ತದೆ, ಕೆಂಪು ಬಾವುಟ ನೆಟ್ಟ ಬೀಚಿನಲ್ಲಿ ನಾಯಿ ಸಹ ಇರುದಿಲ್ಲ, ಮಕ್ಕಳಿಗೆ ಆಗ ತಾನೇ ಶಾಲೆ ಶುರುವಾಗಿ ಫೀಸು, ಪುಸ್ತಕ, ಕೊಡೆ ಅಂತ ಎಲ್ಲರ ಕೈ ಖಾಲಿ. ಆ ದಿನ ನಿಮ್ಮ ಹೋಟೆಲಿಗೆ ಎಷ್ಟು ಜನ ಬರ್ತಾರೋ ಅದೇ ನಿಮ್ಮ ಬಿಸಿನೆಸ್. ಡಿಸೆಂಬರಿನದ್ದು ಬೋನಸ್ ಅಷ್ಟೆ.

ನಿಮ್ಮ ಮೈದುನ ಹೇಳಿದ ಪ್ಲಾನಿಗೆ ಒಂದು ಲೆಕ್ಕ ಹಾಕುವ. 40 ಸೀಟು, ತಲೆಗೆ 400 ರೂಪಾಯಿ ಬಿಲ್ ಅಂತ ಇಟ್ಕೊಳ್ಳಿ. ಸೀಸನಲ್ಲಿ ದಿನಕ್ಕೆ 90 ಜನ ಬಂದ್ರೆ ತಿಂಗಳಿಗೆ 10.8 ಲಕ್ಷ. ಜೂನಲ್ಲಿ 25 ಜನ ಬಂದ್ರೆ 3 ಲಕ್ಷ. ಮೀನು, ಕೋಳಿ, ಅಕ್ಕಿ, ಎಣ್ಣೆ ಇದಕ್ಕೆಲ್ಲ 35 ಪರ್ಸೆಂಟ್ ಹೋಗ್ತದೆ, ಅದಕ್ಕಿಂತ ಕಮ್ಮಿ ಮಾಡ್ತೇನೆ ಅಂತ ಯಾರಾದ್ರೂ ಹೇಳಿದ್ರೆ ತಟ್ಟೆಯಲ್ಲಿ ಗೊತ್ತಾಗ್ತದೆ. ಈಗ ಜನ ಬಂದ್ರೂ ಬಾರದಿದ್ರೂ ಕೊಡಲೇಬೇಕಾದದ್ದು: ಕೆಲಸದವರಿಗೆ ಊಟ, ರೂಮ್ ಸೇರಿಸಿ 1.9 ಲಕ್ಷ, ಕರೆಂಟು ಗ್ಯಾಸಿಗೆ 60,000, ಲೋನಿನ ಕಂತು ಹತ್ತೂವರೆ ಪರ್ಸೆಂಟಿಗೆ 7 ವರ್ಷ ಅಂತ ಹಿಡಿದ್ರೆ 42,000, ರಿಪೇರಿ, ಕ್ಲೀನಿಂಗ್, ಚಿಲ್ಲರೆ 20,000, ಮತ್ತೆ ಬಾಡಿಗೆ 60,000. ಸ್ವಂತ ಜಾಗಕ್ಕೆ ಎಂತಕ್ಕೆ ಬಾಡಿಗೆ ಅಂತ ಕೇಳ್ಬೇಡಿ, ಕಾಫಿಯವರು ಕೊಡ್ತೇನೆ ಅಂದದ್ದನ್ನು ನೀವು ಬಿಟ್ಟಿದ್ದೀರಿ ಅಲ್ವಾ, ಅದು ಖರ್ಚೇ. ಒಟ್ಟು 3.72 ಲಕ್ಷ. ಡಿಸೆಂಬರಿನಲ್ಲಿ ಎಲ್ಲ ಕಳೆದು 3.3 ಲಕ್ಷ ಉಳಿತು, ಖುಷಿ. ಜೂನಲ್ಲಿ 1.77 ಲಕ್ಷ ಕೈಯಿಂದ ಹೋಯ್ತು. ಲಾಭ ಇಲ್ಲ ನಷ್ಟ ಇಲ್ಲ ಅನ್ನುವಲ್ಲಿ ನಿಲ್ಲಬೇಕಾದ್ರೆ ದಿನಕ್ಕೆ 48 ಜನ ಬೇಕು, ಮಳೆ ಬಂದ್ರೂ ಹರತಾಳ ಆದ್ರೂ.

ಈಗ ನಿಮ್ಮ ಪತ್ರ ಇನ್ನೊಮ್ಮೆ ಓದಿ. ಆ ಅಕ್ಕ ದಿನಕ್ಕೆ 40-50 ಊಟ ಕೊಡ್ತಾರೆ ಅಂತ ನೀವೇ ಬರೆದಿದ್ದೀರಿ. ಏಸಿ ಇಲ್ಲ, ಬೋರ್ಡಿಗೆ ಲೈಟಿಲ್ಲ, ಇನ್‌ಸ್ಟಾಗ್ರಾಂ ಇಲ್ಲ, ಆದ್ರೂ ಫೈನ್ ಡೈನಿಂಗ್ ಉಸಿರಾಡ್ಲಿಕ್ಕೆ ಎಷ್ಟು ತಲೆ ಬೇಕೋ ಹೆಚ್ಚುಕಮ್ಮಿ ಅಷ್ಟೇ ತಲೆ ಅವರ ಬೆಂಚಿನಲ್ಲಿ ದಿನಾ ಕೂತು ಏಳ್ತಾ ಉಂಟು. ಬಿಲ್ ಸಣ್ಣದು, ಸರಿ. ಆದ್ರೆ 14 ವರ್ಷ ಅಂದ್ರೆ 14 ಮಳೆಗಾಲ. ಅಷ್ಟು ಜನರ ಅಭ್ಯಾಸವನ್ನು ಯಾವ ಇಂಟೀರಿಯರ್ ಡಿಸೈನರೂ ಮಾಡಿಕೊಡ್ಲಿಕ್ಕಿಲ್ಲ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳ್ಲಿಕ್ಕೆ ಕಾರಣ ಉಂಟು. 2016ರಲ್ಲಿ ನಾನೇ ಒಂದು ಬೀಚ್ ರೆಸ್ಟೋರೆಂಟಿನ ಪ್ರಾಜೆಕ್ಟ್ ರಿಪೋರ್ಟ್ ಮಾಡಿ ಕೊಟ್ಟಿದ್ದೆ, ಜಾಗದ ಹೆಸರು ಬೇಡ. ಕ್ರಿಸ್ಮಸ್ ವಾರ ಮೂರು ದಿನ ಅಲ್ಲಿ ಕೂತು ವಾಹನ ಎಣಿಸಿ, ಅದರಿಂದ ಸ್ವಲ್ಪ ಕಳೆದು ವರ್ಷದ ಸರಾಸರಿ ಹಾಕಿದೆ. ಬ್ಯಾಂಕ್ ಒಪ್ಪಿತು, ಓನರ್ ಒಪ್ಪಿದ್ರು. ಎರಡನೇ ಮಳೆಗಾಲದಲ್ಲಿ ಅವರು ಶಟರ್ ಎಳೆದ್ರು. ಆಗಸ್ಟಿನಲ್ಲಿ ಸಾಮಾನು ಹರಾಜಾಗುವಾಗ ನಾನು ಹೋಗಿದ್ದೆ, ಫ್ರಿಡ್ಜಿನ ಕಾಲು ತುಕ್ಕು ಹಿಡಿದು ನೆಲಕ್ಕೆ ಅಂಟಿಕೊಂಡಿತ್ತು, ಎಳೆಯುವಾಗ ಟೈಲ್ಸ್ ಸಮೇತ ಎದ್ದು ಬಂತು. ಅದರ ನಂತರ ನಾನು ಮಳೆಗಾಲದಲ್ಲಿ ಹೋಗಿ ಕೂತುಕೊಳ್ಳದೆ ಯಾವ ಜಾಗಕ್ಕೂ ಲೆಕ್ಕ ಬರೆದದ್ದಿಲ್ಲ.

ಈಗ ಹೈವೇ ವಿಷಯ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥ ಚಂದ ಆಗಿದೆ, ಕಾಸರಗೋಡು ಪೇಟೆಯ ಮೇಲೆ ಫ್ಲೈಓವರ್ ಆಗಿದೆ, ಮಂಗಳೂರು ಏರ್‌ಪೋರ್ಟ್ ಹತ್ತಿರ ಆದ ಹಾಗೆ ಆಗಿದೆ, ಎಲ್ಲ ನಿಜ. ಆದ್ರೆ ಆ ಹೈವೇ ಬೇಕಲದ ಎದುರಿಂದ ಹೋಗುದೇ ಇಲ್ಲ ಅನ್ನುದನ್ನು ಹೊರಗಿನವರು ಮರೀತಾರೆ, ನೀವು ಮರೀಬಾರದು. ಅದು ಚೆರ್ಕಳ, ಚಟ್ಟಂಚಾಲ್, ಪೊಯಿನಾಚಿ, ಪೆರಿಯ, ಮಾವುಂಗಾಲ್ ಅಂತ ಒಳಗಿಂದ ಹೋಗ್ತದೆ. ನಿಮ್ಮ ಎದುರು ಇರುದು ಚಂದ್ರಗಿರಿ ಸಂಕ ದಾಟಿ ಮೇಲ್ಪರಂಬ, ಉದುಮ, ಪಾಲಕುನ್ನು, ಬೇಕಲ ಮೂಲಕ ಕಾಞಂಗಾಡಿಗೆ ಹೋಗುವ ರಾಜ್ಯ ಹೆದ್ದಾರಿ. ಅದರಲ್ಲಿ ಓಡಾಡುದು ಹೆಚ್ಚಾಗಿ ಊರಿನವರೇ, ಅಥವಾ ಬೇಕಲಕ್ಕೇ ಅಂತ ಹೊರಟು ಬಂದವರು. ಮತ್ತೆ ಆರು ಪಥದ ರಸ್ತೆಗೆ ಒಂದು ಗುಣ ಉಂಟು, ಅದು ಜನರನ್ನು ನಿಲ್ಲಿಸುದಿಲ್ಲ, ದಾಟಿಸ್ತದೆ. ಮೊದಲು ಹೈವೇ ಬದಿಯಲ್ಲಿ ಚಾ, ಗೋಳಿಬಜೆ ಮಾರಿ ಜೀವನ ಮಾಡಿದ ಎಷ್ಟೋ ಹೋಟೆಲುಗಳು ಈಗ ಸರ್ವಿಸ್ ರೋಡಿನ ಆಚೆ ಬಿದ್ದು ಗಿರಾಕಿ ಇಲ್ಲದೆ ಕೂತಿವೆ, ಕಣ್ಣಾರೆ ನೋಡ್ತಾ ಇದ್ದೇವೆ. ಹಾಗಾಗಿ ಹೈವೇ ಆದದ್ದರಿಂದ ನಿಮಗೆ ಲಾಭ ಉಂಟು, ಆದ್ರೆ ಅದು ತಾನಾಗಿ ಬರುವ ಲಾಭ ಅಲ್ಲ, ಪೊಯಿನಾಚಿಯಲ್ಲೋ ಪೆರಿಯದಲ್ಲೋ ಇಂಡಿಕೇಟರ್ ಹಾಕಿ ನಿಮ್ಮ ಕಡೆ ತಿರುಗ್ಲಿಕ್ಕೆ ಅವರಿಗೆ ಒಂದು ಕಾರಣ ಬೇಕು. ಮಂಗಳೂರಿನಲ್ಲಿ ಸಿಗುವ ಕ್ಯಾಪುಚಿನೋ ಆ ಕಾರಣ ಅಲ್ಲ.

ಬೇಕಲ ಗೋವಾ ಆಗ್ತದೆ ಅನ್ನುವ ಮಾತು ನಾನು ಕೇಳ್ಲಿಕ್ಕೆ ಶುರು ಮಾಡಿ ಬಹಳ ವರ್ಷ ಆಯ್ತು. ಕೇಂದ್ರ ಸರಕಾರ ಬೇಕಲವನ್ನು ಸ್ಪೆಷಲ್ ಟೂರಿಸಂ ಏರಿಯಾ ಮಾಡಿದ್ದು 1992ರಲ್ಲಿ, ಬೇಕಲ ರೆಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಆದದ್ದು 1995ರಲ್ಲಿ, ಹತ್ರದ ಕಾಪಿಲಿನಲ್ಲಿ ತಾಜ್ ರೆಸಾರ್ಟ್ ಬಾಗಿಲು ತೆರೆದದ್ದು 2012ರಲ್ಲಿ. ಕಾರ್ಪೊರೇಷನ್ ಆದ ಮೇಲೆಯೇ 17 ವರ್ಷ. ಅಷ್ಟು ವರ್ಷ ಕಾಯುವ ತಾಕತ್ತು ದೊಡ್ಡ ಕಂಪನಿಗೆ ಇರ್ತದೆ, ಕಂತು ಕಟ್ಟುವ ಮನೆಯವರಿಗೆ ಇರುದಿಲ್ಲ. ಇನ್ನೊಂದು ವ್ಯತ್ಯಾಸವನ್ನು ಬಾಯಿಬಿಟ್ಟು ಯಾರೂ ಹೇಳುದಿಲ್ಲ: ಗೋವಾದ ರೆಸ್ಟೋರೆಂಟಿನ ಲಾಭದಲ್ಲಿ ದೊಡ್ಡ ಪಾಲು ಗ್ಲಾಸಿನಿಂದ ಬರ್ತದೆ, ತಟ್ಟೆಯಿಂದಲ್ಲ. ಕೇರಳದಲ್ಲಿ ಬಾರ್ ಲೈಸನ್ಸ್ ಸಿಗುದು ತ್ರೀ ಸ್ಟಾರ್ ಮತ್ತು ಅದರ ಮೇಲಿನ ಹೋಟೆಲುಗಳಿಗೆ. ನಿಮ್ಮ ಹಂಚಿನ ಮನೆ ಊಟದ ಮೇಲೆಯೇ ಬದುಕ್ಬೇಕು. ಅದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ, ಫ್ಯಾಮಿಲಿಯವರು ಧೈರ್ಯವಾಗಿ ಬರ್ತಾರೆ, ಆದ್ರೆ ಗೋವಾದ ಲೆಕ್ಕ ತಂದು ಇಲ್ಲಿಗೆ ಹಚ್ಲಿಕ್ಕೆ ಆಗುದಿಲ್ಲ. ರೆಸಾರ್ಟಿನ ಗೆಸ್ಟುಗಳನ್ನೂ ಹೆಚ್ಚು ನಂಬ್ಬೇಡಿ, ಅವರ ರೂಮಿನ ರೇಟಲ್ಲೇ ಬ್ರೇಕ್‌ಫಾಸ್ಟ್ ಸೇರಿರ್ತದೆ, ರಾತ್ರಿ ಅಲ್ಲೇ ತಿಂತಾರೆ. ಹೊರಗೆ ಬರುದು ಮಧ್ಯಾಹ್ನ ಒಂದು ಊಟಕ್ಕೆ, ಅದೂ ಡ್ರೈವರ್ ಎಲ್ಲಿಗೆ ಕರ್ಕೊಂಡು ಹೋಗ್ತಾನೋ ಅಲ್ಲಿಗೆ. ಡ್ರೈವರುಗಳು ತಿನ್ನುದು ಎಲ್ಲಿ? ಹೆಚ್ಚಾಗಿ ಆ ಅಕ್ಕನಂಥವರ ಹತ್ರ.

ಹಾಗಾದ್ರೆ ಮಳೆಗಾಲದಲ್ಲಿ ಹಣ ಇರುವ ಗಿರಾಕಿ ಇಲ್ಲವೇ ಇಲ್ವಾ? ಉಂಟು, ಮತ್ತೆ ಅವರು ಯಾರು ಅಂತ ನಿಮಗೇ ಚೆನ್ನಾಗಿ ಗೊತ್ತುಂಟು, ಯಾಕಂದ್ರೆ 19 ವರ್ಷ ನೀವೇ ಅವರಾಗಿದ್ರಿ. ಗಲ್ಫಿನ ಶಾಲೆಗಳಿಗೆ ಜುಲೈ, ಆಗಸ್ಟ್ ರಜೆ. ಬೆಂಗಳೂರಿನವರು ಬಾರದ ಆ ಎರಡು ತಿಂಗಳು ನಮ್ಮ ಊರಿನ ಮನೆಗಳಲ್ಲಿ ದುಬೈ, ಅಬುಧಾಬಿ, ದೋಹಾದವರು ತುಂಬಿರ್ತಾರೆ, ಕೈಯಲ್ಲಿ ಹಣ ಉಂಟು, ಮಕ್ಕಳಿಗೆ ಹೊರಗೆ ಹೋಗ್ಬೇಕು, ಮದುವೆಗಳೂ ಆಗಲೇ ಇಟ್ಕೊಳ್ತಾರೆ, ಆದ್ರೆ ಮಳೆಗೆ ಎಲ್ಲಿಗೂ ಹೋಗ್ಲಿಕ್ಕಾಗುದಿಲ್ಲ. ಅವರಿಗೆ ಬೇಕಾದ್ದು ಸೀ ವ್ಯೂ ಅಲ್ಲ. ಕಾರಿಂದ ಇಳಿದು ಒದ್ದೆಯಾಗದೆ ಒಳಗೆ ಬರುವ ಹಾಗೆ ಒಂದು ಮಾಡು, ಹತ್ತು ಹನ್ನೆರಡು ಜನ ಒಟ್ಟಿಗೆ ಕೂರುವ ಉದ್ದ ಮೇಜು, ಅಜ್ಜಿಗೆ ಮೆಟ್ಟಿಲು ಹತ್ತದ ಹಾಗೆ ನೆಲ, ಹೆಂಗಸರಿಗೆ ಕ್ಲೀನ್ ಟಾಯ್ಲೆಟ್, ನಮಾಜಿಗೆ ಒಂದು ಚಿಕ್ಕ ಕೋಣೆ. ಇಷ್ಟು ಮಾಡಿದ ಹೋಟೆಲಿಗೆ ಜುಲೈಯಲ್ಲೂ ಆದಿತ್ಯವಾರ ಜಾಗ ಸಿಗುದಿಲ್ಲ, ಗಾಜಿನ ಗೋಡೆ ಕಟ್ಟಿ ಕಡಲು ತೋರಿಸುವವರು ಖಾಲಿ ಕೂತಿರ್ತಾರೆ. ಆಮೇಲೆ ಓಣಂ ಬರ್ತದೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಬೇಗ ಬರ್ತಾ ಹೋಗ್ತದೆ, ಆ ತಿಂಗಳು ಹಗಲಿಗೆ ನಮ್ಮ ಕಡೆ ವ್ಯಾಪಾರ ಇಲ್ಲ, ಸಂಜೆ ಮೇಲೆ ಜೋರು, ಕೆಲಸದವರ ಶಿಫ್ಟನ್ನೇ ತಿರುಗಿಸ್ಬೇಕು. ಇದೆಲ್ಲ ಚೈನಿನವರ ಹೆಡ್ ಆಫೀಸಿನ ಎಕ್ಸೆಲ್ ಶೀಟಲ್ಲಿ ಇರುದಿಲ್ಲ, ನಿಮ್ಮ ತಲೆಯಲ್ಲಿ ಉಂಟು.

ಇನ್ನು ಮೆನು. ಕೇರಳದಲ್ಲಿ ಜೂನ್ 9ರ ರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್, ಅಂದ್ರೆ ಯಾಂತ್ರಿಕ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುದು, ನಿಷೇಧ, ಕರ್ನಾಟಕದಲ್ಲಿ ಜೂನ್ 1ರಿಂದಲೇ 61 ದಿನ. ಅಂದ್ರೆ ಮಂಗಳೂರು ಧಕ್ಕೆಯಿಂದ ತರಿಸುವ ಅಂತ ಪ್ಲಾನ್ ಮಾಡಿದ್ರೆ ಇನ್ನೂ ಬೇಗ ಕೈ ಖಾಲಿ. ನಾಡದೋಣಿಯವರು ತರುದು ಮಾತ್ರ, ಅಂಜಲ್, ಮಾಂಜಿಯಂಥ ಒಳ್ಳೆ ಮೀನಿನ ರೇಟ್ ಕೇಳ್ಲಿಕ್ಕಾಗುದಿಲ್ಲ. ಮೆನು ಕಾರ್ಡಿನಲ್ಲಿ ವರ್ಷಪೂರ್ತಿ ಅಂಜಲ್ ತವಾ ಫ್ರೈ ಅಂತ ಪ್ರಿಂಟ್ ಮಾಡಿಸಿದವರು ಆ ಎರಡು ತಿಂಗಳು ಐಸಿನ ಮೀನು ಕೊಟ್ಟು ಹೆಸರು ಹಾಳು ಮಾಡ್ಕೊಳ್ತಾರೆ. ಅಕ್ಕ ಏನು ಮಾಡ್ತಾರೆ ನೋಡಿ, ಖಂಡಿತ ಒಣಮೀನಿನ ಚಟ್ನಿ, ಮರುವಾಯಿ (ಚಿಪ್ಪುಮೀನು), ಹಲಸಿನ ಬೀಜ ಹಾಕಿದ ಪಲ್ಯ, ಕಣಿಲೆ (ಎಳೆ ಬಿದಿರು), ಪತ್ರೊಡೆ ಅಂತ ದಾಟಿಸ್ತಾರೆ. ಆಟಿ ತಿಂಗಳ ಅಡುಗೆ ಅಂದ್ರೆ ಅದೇ ಅಲ್ವಾ, ನಮ್ಮ ಹಿರಿಯರು ಹೊರಗೆ ಏನೂ ಸಿಗದ ತಿಂಗಳಿಗೆ ಅಂತಲೇ ಮಾಡಿಟ್ಟ ಮೆನು. ಒಳ್ಳೆ ಬಾಳೆಲೆಯಲ್ಲಿ, ಒಳ್ಳೆ ಬೆಳಕಲ್ಲಿ, ಆ ಊಟವನ್ನು 350 ರೂಪಾಯಿಗೆ ಕೊಟ್ರೆ ಶಾರ್ಜಾದಲ್ಲಿ ಹುಟ್ಟಿದ ಮಗುವಿನ ತಾಯಿ ಖುಷಿಯಿಂದ ಕೊಡ್ತಾಳೆ, ಯಾಕಂದ್ರೆ ಅವಳಿಗೆ ಅದು ಅಮ್ಮನ ಮನೆಯ ರುಚಿ. ಪಡನ್ನ, ವಲಿಯಪರಂಬದ ಹಿನ್ನೀರಲ್ಲಿ ಹೆಂಗಸರ ಸಂಘಗಳೇ ಹಗ್ಗದಲ್ಲಿ ಬೆಳೆಸುವ ಕಲ್ಲುಮ್ಮಕಾಯಿ (ಇದೂ ಒಂದು ಚಿಪ್ಪುಮೀನು) ಮಳೆಗಾಲ ಶುರುವಾಗುವ ಮುಂಚೆ ಕೊಯ್ಲಿಗೆ ಬರ್ತದೆ, ಏಪ್ರಿಲ್, ಮೇಯಲ್ಲಿ ನಿಮ್ಮ ಸ್ಪೆಷಲ್ ಅದೇ ಆಗ್ಲಿ. ಇಲ್ಲೇ ಕಾಸರಗೋಡು ಪೇಟೆ ಹತ್ರ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಉಂಟು, ತೆಂಗಿನ ಹೂಗೊನೆಯಿಂದ ಹುಳಿಯಾಗದ ಹಾಗೆ ತಂಪಲ್ಲಿ ಇಳಿಸುವ ಕಲ್ಪರಸದ ವಿಧಾನ ಅವರದ್ದೇ. ಫೈವ್ ಸ್ಟಾರಿನವರು ವೆಲ್‌ಕಂ ಡ್ರಿಂಕ್ ಅಂತ ಬಾಟಲಿ ಜ್ಯೂಸ್ ಕೊಡುವಾಗ ನಿಮ್ಮ ಹತ್ರ ಅದು ಇದ್ರೆ ಜನ ನೆನಪಿಟ್ಕೊಳ್ತಾರೆ.

ಶುಚಿಯ ವಿಷಯದಲ್ಲಿ ಮಾತ್ರ ನಾನು ಒಂದು ಕೂದಲೆಳೆಯಷ್ಟೂ ಬಿಟ್ಟು ಕೊಡುದಿಲ್ಲ. 2022ರ ಮೇಯಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಲ್ಲಿ ಶವರ್ಮಾ ತಿಂದು ಒಂದು ಹುಡುಗಿ ಜೀವ ಕಳಕೊಂಡ್ಳು, ಶಾಲೆಗೆ ಹೋಗುವ ಮಗು. ಆಮೇಲೆ ರಾಜ್ಯದಲ್ಲಿ ರೂಲ್ಸ್ ಬಿಗಿ ಆಯ್ತು, 2023ರಲ್ಲಿ ಹಸಿ ಮೊಟ್ಟೆಯ ಮಯೋನೈಸ್ ನಿಷೇಧ ಮಾಡಿದ್ರು, ಪಾರ್ಸೆಲಿನ ಮೇಲೆ ಎಷ್ಟು ಗಂಟೆಯೊಳಗೆ ತಿನ್ಬೇಕು ಅಂತ ಸ್ಟಿಕ್ಕರ್ ಹಾಕ್ಲಿಕ್ಕೆ ಹೇಳಿದ್ರು, ಕೆಲಸದವರಿಗೆ ಹೆಲ್ತ್ ಕಾರ್ಡ್ ಕಡ್ಡಾಯ ಮಾಡಿದ್ರು. ಇದನ್ನು ಆಫೀಸರ್ ಬರ್ತಾರೆ ಅಂತ ಮಾಡ್ಬೇಡಿ. ಮಳೆಗಾಲದಲ್ಲಿ ಕರೆಂಟು ನಾಲ್ಕೈದು ಗಂಟೆ ಹೋಗುದು ಇಲ್ಲಿ ಸಾಮಾನ್ಯ, ಫ್ರೀಜರ್ ಓಡಿಸುವಷ್ಟು ದೊಡ್ಡ ಜನರೇಟರ್ ಮೊದಲ ಖರ್ಚು, ಸೋಫಾ ಆಮೇಲೆ.

ಬುಟಿಕ್ ಬಗ್ಗೆ ಚಿಕ್ಕದಾಗಿ ಹೇಳ್ತೇನೆ. ಬೇಡ. ಅಂದ್ರೆ ಈಗ ಮೈದುನ ಹೇಳುವ ತರದ್ದು ಬೇಡ. ಸಾವಿರಾರು ರೂಪಾಯಿ ಬಟ್ಟೆಗೆ ಕೊಡುವವರು ನಮ್ಮಲ್ಲಿ ಇದ್ದಾರೆ, ಆದ್ರೆ ಅವರು ಮದುವೆ ಬಟ್ಟೆಗೆ ಪೇಟೆಯ ದೊಡ್ಡ ಶೋರೂಮಿಗೋ ಮಂಗಳೂರಿಗೋ ಹೋಗ್ತಾರೆ, ಫ್ಯಾಷನ್ನಿಗೆ ಫೋನಲ್ಲೇ ಆರ್ಡರ್ ಮಾಡ್ತಾರೆ. ಹೊಲಿದ ಬಟ್ಟೆ ಒಂದಕ್ಕೆ 2,500 ದಾಟಿದ್ರೆ 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿ 18 ಪರ್ಸೆಂಟ್, ಅಪ್‌ಮಾರ್ಕೆಟ್ ಸ್ಟಾಕ್ ಇನ್ನೂ ದುಬಾರಿ ಆಯ್ತು. ಅದರ ಮೇಲೆ ನಮ್ಮ ಹವೆ. ಕಡಲ ಹತ್ರದ ಮನೆಯಲ್ಲಿ ಜುಲೈಯಲ್ಲಿ ಬೀರು ತೆಗೆದ್ರೆ ಬರುವ ವಾಸನೆ ನಿಮಗೆ ಗೊತ್ತುಂಟು, ಲಿನನ್ ಮೇಲೆ ಬೂಷ್ಟು ಹಿಡಿದು ಚುಕ್ಕಿ ಬಿದ್ರೆ ಹೋಗುದಿಲ್ಲ, ಲೆದರ್ ಚಪ್ಪಲಿ, ಬ್ಯಾಗ್ ಹಸಿರಾಗ್ತದೆ. ಹಗಲು ರಾತ್ರಿ ಡೀಹ್ಯೂಮಿಡಿಫೈಯರ್ ಓಡಿಸ್ಬೇಕು, ಕೇರಳ ವಿದ್ಯುತ್ ಮಂಡಳಿಯ ಕಮರ್ಷಿಯಲ್ ರೇಟಲ್ಲಿ. ಆದ್ರೆ ಮನೆಯ ಒಂದು ಕೋಣೆಯಲ್ಲಿ ಬೇರೆಲ್ಲೂ ಸಿಗದ ನಾಲ್ಕೇ ನಾಲ್ಕು ವಸ್ತು ಇಡುದಾದ್ರೆ ನಾನು ಎರಡೂ ಕೈ ಎತ್ತಿ ಒಪ್ತೇನೆ. ವಿದ್ಯಾನಗರದಲ್ಲಿ ನೇಕಾರರ ಸಹಕಾರ ಸಂಘ ಉಂಟು, ಜಿಐ ಟ್ಯಾಗ್, ಅಂದ್ರೆ ಈ ಊರಿನದ್ದೇ ಅನ್ನುವ ಸರಕಾರಿ ಗುರುತು ಇರುವ ಕಾಸರಗೋಡು ಸೀರೆ ಅವರು ಕೈಮಗ್ಗದಲ್ಲಿ ನೇಯ್ತಾರೆ, ಹತ್ತಿ ಸೀರೆ, ಬಣ್ಣ ಬಿಡದ್ದು, ಒಗೆದಷ್ಟೂ ಮೈಗೆ ಮೆತ್ತಗೆ. ನನ್ನ ಅಮ್ಮ ಉಟ್ಟ ಒಂದು ಬೂದಿ ಬಣ್ಣದ ಚೌಕುಳಿ ಸೀರೆ ಈಗ ನನ್ನ ಮಗಳ ಹತ್ರ ಉಂಟು. ಮಗ್ಗದಲ್ಲಿ ಕೂರುವವರು ಕಮ್ಮಿ ಆಗ್ತಾ ಹೋಗ್ತಿದ್ದಾರೆ, ಯಾಕಂದ್ರೆ ಆ ಸೀರೆ ಹುಡುಕಿಕೊಂಡು ಸಂಘದ ಬಾಗಿಲಿಗೆ ಬರುವ ಟೂರಿಸ್ಟ್ ಎಷ್ಟು ಜನ? ಕೋಟೆ ನೋಡಿ ಊಟಕ್ಕೆ ಬಂದವರ ಕಣ್ಣೆದುರು ಅದು ಇರ್ಲಿ, ನೇಯ್ದವರ ಹೆಸರಿನ ಚೀಟಿ ಸಮೇತ. ಮುಸ್ಲಿಮರು ಹಾಕುವ ತಳಂಗರೆಯ ಟೋಪಿ ಇರ್ಲಿ. ಸ್ಟಾಕಿಗೆ 2 ಲಕ್ಷದ ಮೇಲೆ ಹಾಕ್ಬೇಡಿ.

ಈಗ ಕಾಫಿಯವರ ಲೀಸ್. ಕೂತಲ್ಲಿ 60,000 ಬರ್ತದೆ ಅಂದ್ರೆ ಆಸೆ ಆಗುದು ಸಹಜ, ಮತ್ತೆ ಕೆಲವು ಮನೆಗೆ ಅದೇ ಸರಿಯಾದ ದಾರಿ. ಆದ್ರೆ ಕರಾರು ಪೂರ್ತಿ ಓದಿ. ಲಾಕ್-ಇನ್ 3 ವರ್ಷ ಅಂತ ಇದ್ರೆ ಅದರ ಅರ್ಥ ಹೆಚ್ಚಾಗಿ ಹೀಗಿರ್ತದೆ, 3 ವರ್ಷದ ನಂತರ ಅವರು ನೋಟಿಸ್ ಕೊಟ್ಟು ಹೋಗ್ಬಹುದು, ನೀವು 9 ವರ್ಷವೂ ಎಬ್ಬಿಸುವ ಹಾಗಿಲ್ಲ. 3 ವರ್ಷಕ್ಕೊಮ್ಮೆ 15 ಪರ್ಸೆಂಟ್ ಏರಿಕೆ ಅಂತ ಇದ್ರೆ 60,000 ಇದ್ದದ್ದು ನಾಲ್ಕನೇ ವರ್ಷಕ್ಕೆ 69,000, ಏಳನೇ ವರ್ಷಕ್ಕೆ 79,350, ಅಷ್ಟರಲ್ಲಿ ಬೇಕಲ ನಿಜವಾಗಿ ಬೆಳೆದ್ರೆ ಅದರ ಲಾಭ ಅವರಿಗೇ, ನಿಮಗಲ್ಲ. ಫಿಟ್-ಔಟ್, ಅಂದ್ರೆ ಒಳಗಿನ ಅಲಂಕಾರದ ಕೆಲಸ ಅಂತ ಮೂರ್ನಾಲ್ಕು ತಿಂಗಳು ಬಾಡಿಗೆ ಇಲ್ಲ. ಮರದ ಮುಚ್ಚಿಗೆ, ಒಳಗಿನ ಗೋಡೆ ಎಲ್ಲ ಅವರ ಡಿಸೈನಿಗೆ ಬೇಕಾದ ಹಾಗೆ ಒಡೀತಾರೆ, ಹೋಗುವಾಗ ಹೇಗಿತ್ತೋ ಹಾಗೆ ಮಾಡಿಕೊಡ್ಬೇಕು ಅಂತ ಬರೆಸದಿದ್ರೆ ನಿಮಗೆ ಸಿಗುದು ಚಿಪ್ಪು ಮಾತ್ರ. ಮತ್ತೆ ಜಿಎಸ್‌ಟಿ: ಅಂಗಡಿ ಬಾಡಿಗೆಗೆ 18 ಪರ್ಸೆಂಟ್, ನೀವು ರಿಜಿಸ್ಟರ್ ಇಲ್ಲದಿದ್ರೂ 2024ರ ಅಕ್ಟೋಬರ್ 10ರಿಂದ ರಿಜಿಸ್ಟರ್ ಆದ ಬಾಡಿಗೆದಾರರೇ ಅದನ್ನು ಕಟ್ಟಬೇಕು, 5 ಪರ್ಸೆಂಟ್ ಜಿಎಸ್‌ಟಿಯ ರೆಸ್ಟೋರೆಂಟಿಗೆ ಅದು ವಾಪಸ್ ಸಿಗುದಿಲ್ಲ. ಅಂದ್ರೆ ನಿಮಗೆ 60,000 ಕೊಡುವವರಿಗೆ ಖರ್ಚು 70,800. ಎರಡು ಮಳೆಗಾಲ ಖಾಲಿ ಹೋದ್ರೆ ಮೊದಲು ಫೋನ್ ಬರುದು ಬಾಡಿಗೆ ಇಳಿಸಿ ಅಂತ. ಕೊಡುದೇ ಆದ್ರೆ ಪೂರ್ತಿ ಮನೆ ಕೊಡ್ಬೇಡಿ, ಲೀಸ್ ರಿಜಿಸ್ಟರ್ ಮಾಡಿಸಿ, ಇಷ್ಟು ಬಾಡಿಗೆ ಬಂದೇ ಬರ್ಬೇಕು ಅನ್ನುವ ಮಿನಿಮಮ್ ಗ್ಯಾರಂಟಿಯ ಜೊತೆ ಸೇಲಿನಲ್ಲಿ ಪರ್ಸೆಂಟೇಜ್ ಕೇಳಿ.

ಇದೆಲ್ಲದಕ್ಕಿಂತ ಮೊದಲು ಮಾಡ್ಬೇಕಾದ ಒಂದು ಕೆಲಸ ಉಂಟು, ಇದನ್ನು ಮಾಡದೆ ಒಂದು ರೂಪಾಯಿ ಸಹ ಯಾರಿಗೂ ಅಡ್ವಾನ್ಸ್ ಕೊಡ್ಬೇಡಿ. ನಿಮ್ಮ ಸರ್ವೆ ನಂಬರ್ ತೆಗೊಂಡು ಪಂಚಾಯತಿಗೆ ಹೋಗಿ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝೆಡ್) ಮ್ಯಾಪಿನಲ್ಲಿ ಆ ಜಾಗ ಎಲ್ಲಿ ಬೀಳ್ತದೆ ನೋಡಿ. 2019ರ ಸಿಆರ್‌ಝೆಡ್ ನೋಟಿಫಿಕೇಷನ್ ಪ್ರಕಾರ ಹಳ್ಳಿ ಕಡೆಯ ಕಡಲ ತೀರದಲ್ಲಿ 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರುವಲ್ಲಿ ಉಬ್ಬರದ ಗೆರೆಯಿಂದ 50 ಮೀಟರ್, ಉಳಿದ ಕಡೆ 200 ಮೀಟರ್ ಏನೂ ಕಟ್ಟುವ ಹಾಗಿಲ್ಲ. ಕೇರಳದ ಹೊಸ ಮ್ಯಾಪಿಗೆ 2024ರಲ್ಲಿ ಒಪ್ಪಿಗೆ ಸಿಕ್ಕಿದೆ, ಹಳೇ ಮ್ಯಾಪ್ ಹಿಡ್ಕೊಂಡು ಯಾರಾದ್ರೂ ಧೈರ್ಯ ಹೇಳಿದ್ರೆ ನಂಬ್ಬೇಡಿ. ಮನೆ ರಿಪೇರಿ ಬೇರೆ, ಮನೆಯನ್ನು ಹೋಟೆಲ್ ಮಾಡುದು ಬೇರೆ, ಕಟ್ಟಡದ ಉಪಯೋಗ ಬದಲಾಯಿಸಿ ಕಮರ್ಷಿಯಲ್ ಅಂತ ಪಂಚಾಯತಿ ದಾಖಲೆಯಲ್ಲಿ ಆಗ್ಬೇಕು. ಕೊಚ್ಚಿಯ ಮರಡಿನಲ್ಲಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ನಾಲ್ಕು ದೊಡ್ಡ ಫ್ಲ್ಯಾಟ್ ಕಟ್ಟಡಗಳನ್ನು ಉರುಳಿಸಿದ್ದನ್ನು ಟಿವಿಯಲ್ಲಿ ನೋಡಿದ್ದೀರಿ, ಅದೂ ಸಿಆರ್‌ಝೆಡ್ ಕೇಸೇ. ಹಾಗೇ 32 ಸೆಂಟ್ಸಿನಲ್ಲಿ ಹಿಂದಿನ ಭಾಗ ದಾಖಲೆಯಲ್ಲಿ ಗದ್ದೆ ಅಂತ ಇದ್ರೆ ಪಾರ್ಕಿಂಗಿಗೆ ಮಣ್ಣು ತುಂಬಿಸುವ ಮುಂಚೆ ಭತ್ತದ ಗದ್ದೆಯ 2008ರ ಕಾನೂನು ನೋಡ್ಬೇಕು. ಬಾವಿ ನೀರನ್ನು ಮೇ ತಿಂಗಳಲ್ಲಿ ಟೆಸ್ಟ್ ಮಾಡಿಸಿ, ಜನವರಿಯಲ್ಲಿ ಸಿಹಿ ಇದ್ದ ಬಾವಿ ಮೇಯಲ್ಲಿ ಉಪ್ಪಾಗುದು ನಮ್ಮ ಕಡೆ ಹೊಸತಲ್ಲ, ಕಾಫಿ ಮಷಿನ್ ಒಂದೇ ವರ್ಷದಲ್ಲಿ ಹಾಳಾಗ್ತದೆ. ಅಡುಗೆಮನೆಗೆ ಸ್ಟೀಲ್ ತೆಗೊಳ್ಳುವಾಗ 304 ಅಲ್ಲ 316 ಗ್ರೇಡ್ ಕೇಳಿ, ರೇಟ್ ಜಾಸ್ತಿ, ಆದ್ರೆ ಉಪ್ಪುಗಾಳಿಗೆ ತಡೀತದೆ.

ನಾನಾದ್ರೆ ಎಂತ ಮಾಡ್ತೇನೆ? ಲೋನ್ ತೆಗೊಳ್ಳುದಿಲ್ಲ. 45ರಲ್ಲಿ 20 ಲಕ್ಷವನ್ನು ಮುಟ್ಟದೆ ಬ್ಯಾಂಕಲ್ಲಿ ಇಡ್ತೇನೆ, ಅದು ಎರಡು ಮಳೆಗಾಲದ ಉಸಿರು. ಹಂಚು ಇಳಿಸಿ ಪಕ್ಕಾಸು ಸರಿಮಾಡಿ ಮತ್ತೆ ಹೊದಿಸಿ, ಜಗಲಿಯಲ್ಲಿ 20 ಸೀಟು ಇಟ್ಟು, ಅಕ್ಕನನ್ನು ಎಬ್ಬಿಸುವ ಬದಲು ಮಧ್ಯಾಹ್ನದ ಅಡುಗೆಮನೆಯನ್ನು ಅವರ ಕೈಗೆ ಕೊಡ್ತೇನೆ. ಸಂಬಳ ಅಲ್ಲ, ಪಾಲು. 90 ರೂಪಾಯಿಯ ಅವರ ಹಳೇ ಊಟ ಹಿಂದಿನ ಬೆಂಚಿನಲ್ಲಿ ಹಾಗೇ ನಡೀಲಿ, ಡ್ರೈವರುಗಳು, ಪೆರಿಯದ ಯೂನಿವರ್ಸಿಟಿ ಹುಡುಗರು, ದೋಣಿಯವರು ಬರ್ತಾ ಇರ್ಲಿ, ಜಗಲಿಯಲ್ಲಿ ಅದೇ ಕೈಯ ಸಾರು ಬೇರೆ ರೀತಿ ಬಡಿಸಿ. ಸಂಜೆಗೆ ಚಾ, ನೈಯಪ್ಪ, ಪತ್ತಿರಿ, ಪುಂಡಿ, ಒಂದು ಒಳ್ಳೆ ಕಾಫಿ. ಸಂಬಳ, ಅಕ್ಕನ ಪಾಲು, ಕರೆಂಟು ಎಲ್ಲ ಸೇರಿ ತಿಂಗಳ ಖರ್ಚು 1.4 ಲಕ್ಷದ ಒಳಗೆ ಹಿಡಿದು ಸರಾಸರಿ ಬಿಲ್ 250 ಅಂತ ಇಟ್ರೆ ದಿನಕ್ಕೆ 29 ಜನ ಬಂದ್ರೆ ಸಾಕು, ಹಿಂದಿನ ಬೆಂಚಿನವರನ್ನು ಎಣಿಸದೆ. ಇದು ಬದುಕುವ ಲೆಕ್ಕ. ಎರಡು ಮಳೆಗಾಲ ದಾಟಿದ ಮೇಲೆ ಮೈದುನ ಹೇಳಿದ 40 ಸೀಟಿಗೆ ಹೋಗಿ, ಆಗ ನಾನೂ ಬ್ಯಾಂಕಿಗೆ ಬರ್ತೇನೆ.

ಬೋರ್ಡು ಮತ್ತು ಮೆನುವಿನಲ್ಲಿ ಮಲಯಾಳದ ಜೊತೆ ಕನ್ನಡ ಇರ್ಲಿ. ಏಳು ಭಾಷೆಯ ನೆಲ ಅಂತ ಭಾಷಣದಲ್ಲಿ ಹೇಳ್ತೇವೆ, ಹೊಸದಾಗಿ ಬರುವ ದೊಡ್ಡ ಅಂಗಡಿಗಳ ಬೋರ್ಡಲ್ಲಿ ಇಂಗ್ಲಿಷ್ ಬಿಟ್ರೆ ಬೇರೆ ಅಕ್ಷರ ಕಾಣುದಿಲ್ಲ. ಬದಿಯಡ್ಕದಿಂದಲೋ ಪುತ್ತೂರಿಂದಲೋ ಬಂದ ಅಜ್ಜನಿಗೆ ಮರುವಾಯಿ ಅಂತ ಕನ್ನಡದಲ್ಲಿ ಓದ್ಲಿಕ್ಕೆ ಸಿಕ್ಕಿದ್ರೆ ಅವರು ಇನ್ನೊಮ್ಮೆ ಮೊಮ್ಮಕ್ಕಳನ್ನು ಕರ್ಕೊಂಡು ಬರ್ತಾರೆ, ನಾನು ನೋಡಿದ್ದೇನೆ.

ಕಾಫಿಯವರಿಗೆ ಆಗಸ್ಟ್ ಕೊನೆಗೆ ಹೇಳ್ತೇವೆ ಅಂತ ಹೇಳಿ ಕಳಿಸಿ, ಅವರಿಗೆ ಜಾಗ ನಿಜವಾಗಿ ಬೇಕಿದ್ರೆ ಕಾಯ್ತಾರೆ. ಅಷ್ಟರಲ್ಲಿ ಜೂನ್ ಒಂದರಿಂದ ಅಕ್ಕನ ಹೋಟೆಲಿನ ಮೂಲೆಯಲ್ಲಿ ಒಂದು ಸ್ಟೂಲ್ ಹಾಕಿ ಕೂತು ಬರೆದಿಡಿ, ಎಷ್ಟು ಜನ, ಎಲ್ಲಿಂದ, ಎಷ್ಟು ಗಂಟೆಗೆ, ಎಂತ ಕೇಳಿದ್ರು, ಎಂತ ಸಿಗದೆ ಹಿಂದೆ ಹೋದ್ರು. ಗಂಡನನ್ನೂ ಕೂರಿಸಿ, 19 ವರ್ಷದ ನಂತರ ಊರಿನವರ ಮುಖ ಗುರುತು ಹಿಡೀಲಿಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮೂರು ತಿಂಗಳ ಆ ಪುಸ್ತಕ, ಸರ್ವೆ ನಂಬರ್, ಬಾವಿ ನೀರಿನ ರಿಪೋರ್ಟ್ ಇಷ್ಟು ಕಳಿಸಿದ್ರೆ ಮುಂದಿನ ಲೆಕ್ಕ ನಾನೇ ಕೂತು ಮಾಡಿಕೊಡ್ತೇನೆ.